ಹೆಪ್ಪು ಕೇಳಲು ಬಂದವಳು

ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ನಮಗೆ ಮಾತಾಡುವುದನ್ನೂ ಒಂದು ಸಬ್ಜೆಕ್ಟಿನ ಹಾಗೆ ಕಲಿಸುತ್ತಿದ್ದರು. ಶನಿವಾರ ಮಧ್ಯಾಹ್ನ ಪಾರ್ಲರಿನಲ್ಲಿ ಕುರ್ಚಿಗಳನ್ನು ಎದುರುಬದುರು ಹಾಕಿ ಕೂಡಿಸುತ್ತಿದ್ದರು. ಐರಿಶ್ ಸಿಸ್ಟರೊಬ್ಬರು ಕೈಯಲ್ಲಿ ಸಣ್ಣ ಗಂಟೆ ಹಿಡಿದು ನಿಲ್ಲುತ್ತಿದ್ದರು. ಪರಿಚಯ ಮಾಡಿಸದ ಹೊರತು ಯಾರನ್ನೂ ಮಾತಾಡಿಸಬಾರದು. ವಯಸ್ಸು, ಸಂಬಳ ಕೇಳಬಾರದು. ಹವಾ ಹೇಗಿದೆ ಅಂತ ಕೇಳಬಹುದು. ಯಾರಿಗೂ ನ್ಯೂಸೆನ್ಸ್ ಆಗಬಾರದು. ತನಗೆ ಬೇಕಾದ್ದನ್ನು ತಾನೇ ಜೋಡಿಸಿಕೊಳ್ಳಬೇಕು, ಕಂಡವರ ಹತ್ತಿರ ಕೈಯೊಡ್ಡುವುದು ಬ್ಯಾಡ್ ಫಾರ್ಮ್. ತಪ್ಪಿದರೆ ಟಿಣ್ ಅಂತ ಗಂಟೆ. ನನ್ನ ಮುಂದೆ ಆ ಗಂಟೆ ಸದ್ದು ಮಾಡಿದ್ದು ಬಹಳ ಕಡಿಮೆ. ಗುಡ್ ಮ್ಯಾನರ್ಸಿನ ಪ್ರೈಜು ನನಗೇ ಬಂದಿತ್ತು, ನೀಲಿ ರಿಬ್ಬನ್ನಿಗೆ ಕಟ್ಟಿದ ಒಂದು ಮೆಡಲು.

ನಿಜಾಮರ ರಾಜ್ಯಕ್ಕೆ ಭಾರತದ ಸೈನ್ಯ ಬಂದ, ಪೊಲೀಸ್ ಆಕ್ಷನ್ನಿನ ವರ್ಷ ನನಗೆ ಹದಿನಾಲ್ಕು. ಆ ಬೇಸಿಗೆಯಿಂದಲೇ ಅಪ್ಪಂದಿರು ಬಂದು ತಮ್ಮ ತಮ್ಮ ಹುಡುಗಿಯರನ್ನು ಕರೆದುಕೊಂಡು ಹೋಗುತ್ತಿದ್ದರು. ಡಾರ್ಮಿಟರಿಯಲ್ಲಿ ಬರಿಯ ಮಂಚಗಳು ಹೆಚ್ಚುತ್ತ ಬಂದವು. ನಮ್ಮ ಅಪ್ಪ ಕಲಬುರ್ಗಿಯಲ್ಲಿ ವಕೀಲರು. ರೈಲಿನ ಭರವಸೆ ಇಲ್ಲ ಅಂತ ಅವರು ಬರಲಿಲ್ಲ. ಎಲ್ಲ ಮುಗಿದು, ರಸ್ತೆಯ ಮೇಲೆ ಮಿಲಿಟರಿ ಲಾರಿಗಳು ಓಡಾಡುವುದು ಜನಕ್ಕೆ ರೂಢಿಯಾದ ಮೇಲೆ ಬಂದರು. ವಾಡಿಯಲ್ಲಿ ಗಾಡಿ ಬದಲಿಸುವಾಗ ಒಂದೇ ಮಾತು ಹೇಳಿದರು: "ಇನ್ನ ಅಲ್ಲಿ ಬ್ಯಾಡವ್ವ. ಮನ್ಯಾಗ ಅತ್ತಿ ಇದ್ದಾಳ." ಅತ್ತಿ ಅಂದರೆ ಅಪ್ಪನ ಅಕ್ಕ. ನಾನು ಆರು ವರ್ಷದವಳಿದ್ದಾಗ ಅವ್ವ ತೀರಿಕೊಂಡಿದ್ದಳು. ಆಗಲೇ ನನ್ನನ್ನು ಕಾನ್ವೆಂಟಿಗೆ ಬಿಟ್ಟಿದ್ದರು. ಅತ್ತಿಗೂ ಗಂಡ ಇರಲಿಲ್ಲ. ಕಮಲಾಪುರದ ತನ್ನ ಮನೆ, ಬಾಳೆತೋಟ ಆಳಿಗೆ ಒಪ್ಪಿಸಿ ತಮ್ಮನ ಒಲೆ ನೋಡಿಕೊಳ್ಳಲು ಬಂದಿದ್ದಳು.

ನನ್ನ ಕನ್ನಡ ಆರು ವರ್ಷದ ಹುಡುಗಿಯ ಕನ್ನಡವಾಗಿಯೇ ನಿಂತುಬಿಟ್ಟಿತ್ತು. ದೇಹ ಮಾತ್ರ ಬೆಳೆದಿತ್ತು. ಅತ್ತಿ ಫ್ರಾಕು ಬಿಡಿಸಿ ಪರಕಾರ ಪೋಲ್ಕಾ ತೊಡಿಸಿದಳು. ಮಧ್ಯಾಹ್ನ ಓಣಿಯ ಹುಡುಗಿಯರು, ಹೆಂಗಸರು ಎದುರು ಮನೆಯ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತ ಕೂಡುತ್ತಿದ್ದರು. ನಾನು ನಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುತ್ತಿದ್ದೆ. ಯಾರಾದರೂ ಇಂಟ್ರೊಡ್ಯೂಸ್ ಮಾಡಲಿ ಅಂತ ಕಾಯುತ್ತಿದ್ದೆ. ಯಾರೂ ಮಾಡಲಿಲ್ಲ. ಒಂದು ದಿನ ನನ್ನ ವಯಸ್ಸಿನವಳೊಬ್ಬಳು ಕೂಗಿದಳು, "ಏ, ಏನ್ ನೋಡಾಕತ್ತೀ?"

ನಾನು ಬೆನ್ನು ನೆಟ್ಟಗೆ ಮಾಡಿ "ನಥಿಂಗ್, ಥ್ಯಾಂಕ್ ಯೂ" ಅಂದೆ.

ಕಟ್ಟೆಯ ಮೇಲಿನ ಮೊರಗಳೆಲ್ಲ ನಗೆಗೆ ಅಲುಗಾಡಿ ಜೋಳ ಚೆಲ್ಲಿತು. ಅಂದಿನಿಂದ ಓಣಿಯಲ್ಲಿ ನನ್ನ ಹೆಸರು ನಥಿಂಗಮ್ಮ. "ನಥಿಂಗಮ್ಮ ಬಂದ್ಲು, ಸರೀರಿ ಸರೀರಿ." ಈಗ ಗೊತ್ತು, ಅಡ್ಡಹೆಸರು ಇಡುವುದೂ ಸ್ವಲ್ಪ ಸರಿದು ಜಾಗ ಮಾಡಿದ ಹಾಗೇ, ಅವತ್ತೇ ಹೋಗಿ ಅವರ ನಡುವೆ ಕೂತಿದ್ದರೆ ಆಗುತ್ತಿತ್ತು. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಓಣಿಯೆಲ್ಲ ಬೇಡ, ಒಬ್ಬಳು ಗೆಳತಿ ಸಿಕ್ಕರೆ ಸಾಕು ಅಂತ ಮಲಗುವ ಮುಂಚೆ ಕಾನ್ವೆಂಟಿನ ಅಭ್ಯಾಸದಂತೆ ಮೊಣಕಾಲೂರಿ ಕೇಳಿಕೊಳ್ಳುತ್ತಿದ್ದೆ. ಅತ್ತಿ ನೋಡಿದವಳು, "ಮಂಚದ ಕೆಳಗ ಏನ್ ಹುಡುಕಾಕತ್ತೀ? ಬೆಕ್ಕು ಹೊಕ್ಕದೇನು?" ಅಂದಳು.

ನಮ್ಮ ಹಿತ್ತಲಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಒಂದು ಕೊಡ ದಾಟಿಸುವಷ್ಟು ಅಗಲ, ಮರದ ಬಾಗಿಲು. ಗೋಡೆಯ ಆಚೆಗೆ ಒಂದು ಮುಸಲ್ಮಾನರ ಮನೆ. ಆ ಮನೆಯ ಯಜಮಾನರಿಗೆ ನಿಜಾಮರ ಸರ್ಕಾರದಲ್ಲಿ ನೌಕರಿ ಇತ್ತು. ಈಗ ಅವರು ಮನೆಯಲ್ಲೇ ಇರುತ್ತಿದ್ದರು. ಅವರ ಮುಂಬಾಗಿಲು ಹಗಲಿನಲ್ಲೂ ಮುಚ್ಚಿರುತ್ತಿತ್ತು. ಗಂಡಸರ ಕೆಮ್ಮು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ರಾತ್ರಿ ಅವರ ಹಿತ್ತಲಿನಿಂದ ಒಂದು ಎಮ್ಮೆ ಒದರಿದರೆ ಕಾನ್ವೆಂಟಿನ ಮೆತ್ತನೆ ನಿದ್ದೆಯ ನಾನು ಬೆಚ್ಚಿ ಏಳುತ್ತಿದ್ದೆ.

ಒಂದು ಸಂಜೆ ಅತ್ತಿ ಗುಡಿಗೆ ಹೋಗಿದ್ದಾಗ ಕಿಂಡಿ ಬಡಿದ ಸದ್ದಾಯಿತು. ತೆಗೆದರೆ ನನ್ನ ವಾರಿಗೆಯ ಹುಡುಗಿ. ಓಢಣಿ ಜಾರಿ ಹೆಗಲಿಗೆ ಬಂದಿತ್ತು, ಮೂಗಿನ ಮೇಲೆ ಬೆವರು. "ಮೌಶಿ ಇಲ್ಲೇನು? ಹೆಪ್ಪಿಗಿ ಚೂರು ಮೊಸರು ಬೇಕಿತ್ತು." ಕೈಯಲ್ಲಿ ಹಿತ್ತಾಳೆಯ ಪುಟ್ಟ ಬಟ್ಟಲು. ನಾನು ಒಳಗಿನಿಂದ ಒಂದು ಚಮಚ ಮೊಸರು ತಂದು ಹಾಕಿದೆ. ಆಕೆ ಹೋಗಲಿಲ್ಲ. ಗೋಡೆಗೆ ಮೊಣಕೈ ಊರಿ ನನ್ನ ಜಡೆ ನೋಡಿದಳು, ಪೋಲ್ಕಾದ ತೋಳಿನ ಲೇಸು ನೋಡಿದಳು. "ನೀನೇ ಹೆಣದಿದ್ದೇನು ಇದು?" ಅಂದಳು. ನಾನು "ಯೆಸ್" ಅಂದೆ. ಅಷ್ಟೇ. ಆಮೇಲೆ ಏನು ಹೇಳಬೇಕು ಅಂತ ನನಗೆ ಯಾವ ಸಿಸ್ಟರೂ ಕಲಿಸಿರಲಿಲ್ಲ. ಹವಾ ಬಗ್ಗೆ ಹೇಳಿದೆ. ಸೆಕೆ ಇದೆ ಅಂದೆ. ಆಕೆ "ಹೌ, ಭಾಳ" ಅಂದು ಕಿಂಡಿ ಮುಚ್ಚಿಕೊಂಡಳು.

ಎರಡು ದಿನ ಬಿಟ್ಟು ಮತ್ತೆ ಬಂದಳು, ಹೆಪ್ಪಿಗೆ. ಮತ್ತೆ ಬಂದಳು. ಅತ್ತಿ ಇದ್ದರೆ ಅತ್ತಿ ಕೊಡುತ್ತಿದ್ದಳು; ಇಬ್ಬರೂ ಕಿಂಡಿಯ ಎರಡು ಕಡೆ ನಿಂತು ಯಾರ ಮನೆಯ ನೀರು ಬತ್ತಿತು, ಯಾರ ಮಗಳಿಗೆ ಗಂಡು ಬಂತು, ಎಲ್ಲ ಆಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಕೂತು ಕೇಳುತ್ತಿದ್ದೆ. ಆಕೆಯ ಮಾತು ಅರ್ಧ ಕನ್ನಡ, ಅರ್ಧ ದಖನಿ. ನಗು ಬಂದಾಗ ಎರಡೂ ಬಿಟ್ಟು ಬರೇ ಗಂಟಲಿನ ಸದ್ದು. ನಾನು ಇದ್ದ ದಿನ ಮಾತ್ರ ಆ ಕಿಂಡಿಯಲ್ಲಿ ಸೈಲೆನ್ಸು.

ನನಗೆ ಆಕೆಯ ಮೇಲೆ ಕನಿಕರ ಬರತೊಡಗಿತು. ಪಾಪ, ಎರಡು ದಿನಕ್ಕೊಮ್ಮೆ ಪರರ ಮನೆಯ ಕಿಂಡಿ ಬಡಿಯಬೇಕು, ಬಟ್ಟಲು ಒಡ್ಡಬೇಕು. ನನ್ನಿಂದ ಆಕೆಗೆ ಏನಾದರೂ ಒಳ್ಳೆಯದಾದರೆ ಆಕೆ ನನ್ನನ್ನು ಮೆಚ್ಚಬಹುದು, ಸ್ನೇಹ ಬೆಳೆಯಬಹುದು ಅಂತ ಯೋಚನೆ ಮಾಡಿದೆ. ಅತ್ತಿ ಇಲ್ಲದ ಒಂದು ಸಂಜೆ ಆಕೆ ಬಂದಾಗ, ಪುಟ್ಟ ಬಟ್ಟಲನ್ನು ಅತ್ತ ಸರಿಸಿ, ದೊಡ್ಡ ತಂಬಿಗೆಯ ತುಂಬ ಮೊಸರು ಹಾಕಿಕೊಟ್ಟೆ. ನಿಧಾನವಾಗಿ, ಕ್ಲಾಸಿನಲ್ಲಿ ಪಾಠ ಒಪ್ಪಿಸುವ ಹಾಗೆ, ಹೇಳಿದೆ: "ದಿನಾ ಒಂದು ಚಮಚ ತೆಗೆದು ಬೇರೆ ಇಡು. ಮರುದಿನಕ್ಕೆ ಅದೇ ಹೆಪ್ಪಾಗ್ತದ. ಆಮ್ಯಾಲ ನೀ ಯಾರ ಮನಿಗೂ ಬರೋದು ಬೇಕಾಗಂಗಿಲ್ಲ."

ಆಕೆ ತಂಬಿಗೆ ನೋಡಿದಳು, ನನ್ನ ಮುಖ ನೋಡಿದಳು. "ಅಚ್ಛಾ" ಅಂದಳು. ತಂಬಿಗೆ ಎರಡು ಕೈಯಿಂದ ಹಿಡಿದು ಹೋದಳು. ಮರುದಿನ ತೊಳೆದ ತಂಬಿಗೆ ಕಿಂಡಿಯ ಕಲ್ಲಿನ ಮೇಲೆ ಕೂತಿತ್ತು. ಆಕೆ ಮತ್ತೆ ಬರಲಿಲ್ಲ.

ಕೆಲವು ದಿನ ಕಳೆದ ಮೇಲೆ ಅತ್ತಿ ಕೇಳಿದಳು, "ಯಾಕ, ಆ ಹುಡುಗಿ ಬರವಲ್ಲಳು?" ನಾನು ಮಾಡಿದ್ದನ್ನು ಪೂರ್ತಿ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ. ಅತ್ತಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿ, "ಛಲೋ ಮಾಡ್ದಿ ತಾಯಿ. ಭಾಳ ಛಲೋ ಮಾಡ್ದಿ" ಅಂದಳು. ನಾನು ಅದನ್ನು ಶಹಭಾಸಗಿರಿ ಅಂತಲೇ ತಿಳಿದೆ.

ಆಮೇಲಿನ ತಿಂಗಳುಗಳು ನನ್ನ ಬದುಕಿನ ಅತಿ ಉದ್ದದ ತಿಂಗಳುಗಳು. ತಾಜಸುಲ್ತಾನಪುರದಿಂದ ಸೌದೆ ತರುವ ಮುದುಕ, ಕಚೇರಿಯಿಂದ ಬರುವ ಅಪ್ಪ, ಅತ್ತಿ. ದಿನಕ್ಕೆ ನಾನು ಆಡುವ ಮಾತು ಒಂದು ಅಂಗೈಯಲ್ಲಿ ಹಿಡಿಯುವಷ್ಟು. ಸಂಜೆ ಹಿತ್ತಲಿನಲ್ಲಿ ಪಾತ್ರೆ ತೊಳೆಯುವ ನೆಪದಲ್ಲಿ ಕಿಂಡಿಯ ಹತ್ತಿರ ನಿಂತರೆ ಆಚೆ ಕಡೆ ಬಳೆಯ ಸದ್ದು ಕೇಳುತ್ತಿತ್ತು. ನಾನು ಕೆಮ್ಮಿದರೆ ಬಳೆ ನಿಲ್ಲುತ್ತಿತ್ತು. ನಾನು ಇಷ್ಟು ಒಳ್ಳೆಯವಳಾಗಿದ್ದೂ ಯಾಕೆ ಯಾರಿಗೂ ಬೇಡವಾದೆ ಅಂತ ನನಗೆ ಬಗೆಹರಿಯಲಿಲ್ಲ. ಮೆಡಲನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಬಾಳೆಗೊನೆ ಕಡಿಯುವ ಹೊತ್ತಿಗೆ ಅತ್ತಿ ನನ್ನನ್ನು ಕಮಲಾಪುರಕ್ಕೆ ಕರೆದುಕೊಂಡು ಹೋದಳು. ಮನೆ ಚಿಕ್ಕದು. ನಡುಮನೆಯ ತೊಲೆಗೆ ಕೆಂಪು ಬಾಳೆಗೊನೆಗಳು ಜೋತುಬಿದ್ದಿದ್ದವು. ಇಡೀ ಮನೆ ಅದರ ವಾಸನೆ. ಹೋದ ಮರುದಿನವೇ ಅತ್ತಿ ಹೊಸ ಸೀರೆ ಉಟ್ಟು, "ನಡಿ, ಚೂರು ಜೀರಗಿ ತಗೊಂಡು ಬರೋಣ" ಅಂತ ಪಕ್ಕದ ಮನೆಗೆ ಹೊರಟಳು. ಒಂದು ಜೀರಿಗೆಗೆ ಹೊಸ ಸೀರೆ ಯಾಕೆ ಅಂತ ನನಗೆ ಆಗಲೇ ಅನಿಸಬೇಕಿತ್ತು.

ಪಕ್ಕದ ಮನೆಯ ಅಜ್ಜಿ ಹೊಸ್ತಿಲಲ್ಲಿ ಕೂತಿದ್ದಳು. ಅತ್ತಿಯನ್ನು ಕಂಡು ಮುಖ ತಿರುಗಿಸಿದಳು, ಆದರೆ ಎದ್ದು ಒಳಗೆ ಹೋಗಲಿಲ್ಲ.

"ಒಗ್ಗರಣಿಗಿ ಜೀರಗಿ ಇಲ್ಲ ನೋಡವ್ವ, ಒಂದು ಚಿಟಕಿ ಕೊಡು" ಅಂದಳು ಅತ್ತಿ.

ನಾನು ಹಿಂದಿನಿಂದ, ಸಹಾಯ ಮಾಡುವ ಉತ್ಸಾಹದಲ್ಲಿ, "ಅತ್ತಿ, ನಮ್ಮ ಡಬ್ಬಿ ತುಂಬ ಜೀರಗಿ ಅದಲ್ಲ! ನಾನೇ ನೋಡೀನಿ" ಅಂದೆ.

ಅತ್ತಿ ನನ್ನ ತೋಳು ಚಿವುಟಿದ್ದು ಈಗಲೂ ನೆನಪಾದರೆ ಉರಿಯುತ್ತದೆ. ಅಜ್ಜಿ ಅದನ್ನು ಕಂಡಳು. ಆಮೇಲೆ ಅವಳ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ನಗುವಿಗೆ.

"ಪಟ್ಣದ ಜೀರಗಿ ಬ್ಯಾರೆ ಮಗಳ, ನಮ್ಮ ಜೀರಗಿ ಬ್ಯಾರೆ. ನಿಮ್ಮ ಅತ್ತಿಗಿ ನಮ್ಮದು ರುಚಿ ಹತ್ತ್ಯದ." ಒಳಗೆ ತಿರುಗಿ ಸೊಸೆಗೆ ಕೂಗಿದಳು, "ಚಾ ಇಡ. ಮೂವರಿಗಿ."

ಆ ಚಹಾ ಮುಗಿಯಲು ಮಧ್ಯಾಹ್ನವಾಯಿತು. ಜೀರಿಗೆಯನ್ನು ಅತ್ತಿ ಅಲ್ಲೇ ಮರೆತು ಬಂದಳು. ದಾರಿಯಲ್ಲಿ ನಾನು ಕೇಳಿದ್ದಕ್ಕೆ ಹೇಳಿದಳು: "ಆಕಿ ಕರು ನನ್ನ ಬಾಳಿಸಸಿ ತಿಂದಿತ್ತ. ನಾ ಬೈದಿದ್ದೆ. ಮಾತು ಬಿಟ್ಟು ಮೂರು ದೀಪಾವಳಿ ಆಗಿತ್ತ. ಈಗ ನಾ ಹೋಗಿ 'ಸ್ಸಾರೀ' ಅಂತ ನಿಂದ್ರಲೇನು, ನಿಮ್ಮ ಸಾಲ್ಯಾಗಿನ್ಹಂಗ? ಜೀರಗಿ ಕೇಳಿದ್ರ ಆಕಿ ಕೊಟ್ಟಾಕಿ ಆದ್ಲು, ಕೊಟ್ಟಾಕಿ ಸಿಟ್ಟು ಹಿಡಕೊಂಡು ಕೂಡಾಂಗಿಲ್ಲ. ಏನೂ ಬೇಡದಾಕಿ ಮನಿಗಿ ಯಾರು ಬರ್ತಾರ? ಎಲ್ಲಾ ಅದ ಅಂದ್ರ, ನೀವು ಬ್ಯಾಡ ಅಂದಂಗ."

ನಾನು ರಸ್ತೆಯಲ್ಲೇ ನಿಂತೆ. "ಅತ್ತಿ, ಹಂಗಾರ ಹೆಪ್ಪು..."

"ಈಗ ತಲಿಗಿ ಹೋತೇನು? ಅವರ ಹಿತ್ತಲಾಗ ಎಮ್ಮಿ ಒದರತಿತ್ತಲ್ಲ, ಕಿವಿ ಎಲ್ಲಿಟ್ಟಿದ್ದಿ? ಎಮ್ಮಿ ಕಟ್ಟಿದವರಿಗಿ ಹೆಪ್ಪು ಇಲ್ಲೇನು? ಮುಂದಿನ ಬಾಗಿಲ ಮುಚ್ಚಿಕೊಂಡು ಕೂತಾರ, ಓಣ್ಯಾಗ ಯಾರೂ ಆ ಕಡಿ ಹಣಿಕಿ ಹಾಕವಲ್ರು. ಹುಡುಗಿ ಹಿಂದಿನ ಕಿಂಡ್ಯಾಗ ಮುಖ ಇಟ್ಟು ನಿನ್ನ ಕೇಳಾಕ ಬರತಿತ್ತ, ಮೊಸರು ಅಲ್ಲ. ನೀ ಏನ್ ಹೇಳ್ದಿ? ಇನ್ನ ಬರೋದು ಬ್ಯಾಡ ಅಂದಿ."

ನನಗೆ ಮೊಸರು ಅನ್ನುವುದು ಡೈನಿಂಗ್ ಟೇಬಲಿನ ಮೇಲೆ ಹುಟ್ಟುವ ಪದಾರ್ಥ. ಎಮ್ಮೆಗೂ ಅದಕ್ಕೂ ಸಂಬಂಧ ಇದೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ.

ಕಲಬುರ್ಗಿಗೆ ಹಿಂತಿರುಗಿ ಬರುವ ಬಸ್ಸಿನಲ್ಲಿ ಇಡೀ ದಾರಿ ಆ ಹುಡುಗಿಯ ಹತ್ತಿರ ಏನು ಕೇಳಲಿ ಅಂತ ಲೆಕ್ಕ ಹಾಕುತ್ತ ಬಂದೆ. ನಾನು ಮೊಸರು ಕೇಳುವ ಹಾಗಿರಲಿಲ್ಲ. ನಮ್ಮ ಮನೆಯ ಮೊಸರು ಆ ಕಡೆ ಹೋಗಬಹುದು, ಆ ಮನೆಯದು ಈ ಕಡೆ ಬರುವಂತಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಅಷ್ಟು ಗೊತ್ತಿದ್ದೂ ಆಕೆ ಬಟ್ಟಲು ಹಿಡಿದು ಬರುತ್ತಿದ್ದಳು. ಕೊನೆಗೆ ಅವರ ಹಿತ್ತಲಿನ ಮದರಂಗಿ ಗಿಡ ಹೊಳೆಯಿತು. ಎಲೆಗೆ ಮಡಿ ಮೈಲಿಗೆ ಇಲ್ಲ.

ಕಿಂಡಿ ಬಡಿದೆ. ಬಹಳ ಹೊತ್ತಿನ ಮೇಲೆ ತೆಗೆದಳು. ಓಢಣಿ ತಲೆಯ ಮೇಲೆ ಸರಿಯಾಗಿ ಕೂತಿತ್ತು, ಪರಕೀಯರ ಮುಂದೆ ಇರುವ ಹಾಗೆ.

"ಚೂರು ಮದರಂಗಿ ಎಲಿ ಬೇಕಿತ್ತು" ಅಂದೆ.

"ಒಂದು ಗಿಡ ಹಚ್ಚಿಕೋ ಮಿಸ್ಸಮ್ಮಾ. ದಿನಾ ಒಂದು ತಂಬಿಗಿ ನೀರು ಹಾಕು. ಆಮ್ಯಾಲ ಯಾರ ಮನಿಗೂ ಬರೋದು ಬೇಕಾಗಂಗಿಲ್ಲ." ನನ್ನದೇ ದನಿ, ನನ್ನದೇ ನಿಧಾನ, ಮೂಗಿನಲ್ಲಿ ಬರುವ ಕಾನ್ವೆಂಟಿನ ರಾಗ ಕೂಡ ಬಿಟ್ಟಿರಲಿಲ್ಲ.

ನನಗೆ ಅಳು ಬಂತು, ಅದರ ಹಿಂದೆಯೇ ಮಾತೂ ಬಂತು. "ಹಚ್ಚಿದ್ರ ನಾ ಇಲ್ಲಿ ಹ್ಯಾಂಗ ಬರ್ಲಿ?" ಅಂದೆ.

ಅದು ಓಣಿಯ ರೀತಿ ಅಲ್ಲ. ಅಷ್ಟು ನೇರ ಯಾರೂ ಹೇಳುವುದಿಲ್ಲ. ಆಕೆ ನನ್ನನ್ನು ನೋಡುತ್ತ ನಿಂತಳು, ಗಂಟಲಿನಿಂದ ಆ ನಗು ಹೊರಟಿತು, ಓಢಣಿ ಹೆಗಲಿಗೆ ಜಾರಿತು. ಹೋಗಿ ಒಂದು ಮುಷ್ಟಿ ಎಲೆ ತಂದಳು. ಒಂದು ಅಂಗೈಗೂ ಸಾಲುವಷ್ಟಿರಲಿಲ್ಲ. "ಇನ್ನೊಂದು ಕೈದು ನಾಳಿಗಿ" ಅಂದಳು.

ಆ ಮಳೆಗಾಲ, ಆ ಚಳಿಗಾಲ ನನಗೆ ಗೆಳತಿ ಇದ್ದಳು. ಆಕೆಗೆ ನನ್ನ ಕಸೂತಿಯ ಕತ್ತರಿ ಬೇಕಾಗುತ್ತಿತ್ತು, ಬಟ್ಟೆ ಬಿಗಿಯುವ ರಿಂಗು ಬೇಕಾಗುತ್ತಿತ್ತು, ಹಿಟ್ಟು ಜರಡಿ ಹಿಡಿಯುವ ಅತ್ತಿಯ ಸಣ್ಣ ಸಾಣಿಗೆ ಬೇಕಾಗುತ್ತಿತ್ತು. ನನಗೆ ಅವರ ಮನೆಯ ಮದರಂಗಿ, ಅವರ ಹುಣಿಸೆಮರದ ಚಿಗುರು, ಒಂದು ಉದ್ದನೆಯ ಸೂಜಿ. ಒಂದು ವಾಪಸು ಬರುವ ಮುಂಚೆ ಇನ್ನೊಂದು ಹೋಗಿರುತ್ತಿತ್ತು. ಆಕೆ ನನಗೆ ಕಲಿಸಿದ್ದನ್ನು ಆಕೆಗೇ ಗೊತ್ತಿಲ್ಲದೆ ಕಲಿಸಿದಳು. ಒಳಗಿನಿಂದ ಅವಳ ಅಮ್ಮಿ ಸುಮ್ಮನೆ ಪಾತ್ರೆ ಸದ್ದು ಮಾಡಿದರೆ ಅಬ್ಬಾ ಎದ್ದರು ಅಂತ ಅರ್ಥ, ಕಿಂಡಿ ಮುಚ್ಚಬೇಕು. ಯಾರಾದರೂ "ಹೋಗ್ಲಿ ಬಿಡು" ಅಂದರೆ ಕಥೆ ಈಗಷ್ಟೇ ಶುರುವಾಗಲಿದೆ, ಅಲ್ಲೇ ನಿಲ್ಲಬೇಕು. "ಏನಿಲ್ಲ" ಅಂದರೆ ಕೇಳಬಾರದು, ಪಕ್ಕದಲ್ಲಿ ಸುಮ್ಮನೆ ಏನಾದರೂ ಹೊಲಿಯುತ್ತ ಕೂಡಬೇಕು. ಹೇಳುವುದಿದ್ದರೆ ದಾರ ಮುಗಿಯುವುದರೊಳಗೆ ಹೇಳುತ್ತಾರೆ.

ಆಕೆ ತನ್ನ ಮನೆಯ ಬಗ್ಗೆ ಏನೂ ಹೇಳುತ್ತಿರಲಿಲ್ಲ. "ಏನಿಲ್ಲ" ಅನ್ನುತ್ತಿದ್ದಳು. ನಾನು ಹೊಲಿಯುತ್ತಿದ್ದೆ.

ಒಂದು ರಾತ್ರಿ ಎಮ್ಮೆ ಒದರಲಿಲ್ಲ. ಬೆಳಿಗ್ಗೆ ಕಿಂಡಿಯಿಂದ ನೋಡಿದರೆ ಎಮ್ಮೆಗೆ ಮೇವು ಹಾಕುವ ಗೋದಲಿ ತೊಳೆದು ಒಣಗಿತ್ತು. ಆಕೆ ಆ ಬಗ್ಗೆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ವಾರ ಆಕೆ ಹೊಸದಾಗಿ ಏನನ್ನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಕಿಂಡಿ ತೆಗೆದು, ಒಂದು ಒಗೆದ ಬಟ್ಟೆಯಲ್ಲಿ ಕತ್ತರಿ, ರಿಂಗು, ಸಾಣಿಗೆ, ಎಂದೋ ಒಯ್ದು ನಾವು ಮರೆತೇಬಿಟ್ಟಿದ್ದ ಒಂದು ಗುಂಡಿಯ ಡಬ್ಬಿ, ಎಲ್ಲ ಒಟ್ಟಿಗೆ ಕಟ್ಟಿ ತಂದಿಟ್ಟಳು. ಸಾಣಿಗೆಯ ತೂತುಗಳನ್ನು ಕೂಡ ಉಜ್ಜಿ ಹೊಳೆಯುವ ಹಾಗೆ ಮಾಡಿದ್ದಳು.

"ಎಲ್ಲಾ ಸರಿ ಅದಾವೇನು ನೋಡು" ಅಂದಳು.

ನೋಡಿದೆ. ಎಲ್ಲ ಸರಿ ಇತ್ತು. ಒಂದಾದರೂ ಉಳಿಸಿಕೊಂಡಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ. ಇಷ್ಟು ದಿನ ಕಷ್ಟಪಟ್ಟು ಕಲಿತದ್ದು ಇದನ್ನು ಓದಲಿಕ್ಕೇ ಅನ್ನುವ ಹಾಗೆ, ಒಂದೇ ನೋಟಕ್ಕೆ ಓದಿಕೊಂಡೆ. ಅವರು ಹೋಗುತ್ತಿದ್ದರು.

ಎಲ್ಲಿಗೆ, ಯಾವಾಗ ಅಂತ ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಆಕೆಯ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಗೋಡೆಯ ಸುಣ್ಣದ ಮೇಲಿತ್ತು. ಬೆರಳು ಸುಣ್ಣ ಕೆರೆಯುತ್ತಿತ್ತು. ಕೇಳಬೇಡ ಅಂತ ಅದರ ಅರ್ಥ. ನನಗೆ ಅರ್ಥವಾಯಿತು. ಆದ್ದರಿಂದ "ಸೂಜಿ ನನ್ನ ಹತ್ರ ಉಳದದ, ತರ್ತೀನಿ ನಿಂದ್ರು" ಅಂದೆ.

"ನಕ್ಕೋ, ಬ್ಯಾಡ" ಅಂದಳು, ತುಸು ಜೋರಾಗಿಯೇ. "ಇರ್ಲಿ. ನಿನ್ನ ಹತ್ರಾನೇ ಇರ್ಲಿ."

ಇನ್ನೂ ಸ್ವಲ್ಪ ಹೊತ್ತು ನಿಂತೆವು. ಕಟ್ಟೆಯ ಮೇಲಿನ ಯಾರನ್ನೋ ಆಡಿಕೊಂಡೆವು, ನಕ್ಕೆವು ಕೂಡ. ಒಳಗೆ ಪಾತ್ರೆ ಸದ್ದಾಯಿತು. ಆಕೆ ಕಿಂಡಿ ಮುಚ್ಚಿಕೊಂಡಳು.

ಎರಡು ದಿನದ ಮೇಲೆ ಆ ಮನೆಗೆ ಬೀಗ ಬಿದ್ದಿತ್ತು. ನಸುಕಿನ ರೈಲಿಗೆ ಹೋದರು, ಹೈದರಾಬಾದಿನಲ್ಲಿ ಅವರ ಚಾಚಾ ಇದ್ದಾರಂತೆ, ಅಂತ ಅತ್ತಿ ಯಾರದೋ ಬಾಯಿಂದ ಕೇಳಿಕೊಂಡು ಬಂದಳು. ಕಿಂಡಿಗೆ ಆಮೇಲೆ ಬಂದವರು ಇಟ್ಟಿಗೆ ಹಾಕಿಸಿದರು.

ನಾನು ಓಣಿಗೆ ಬೇಕಾದವಳಾದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಅದು ನಿಜ. ಮೊರ ಹಿಡಿದು ಹೋಗಿ ಕರೆಯದೆ ಕಟ್ಟೆಯ ಮೇಲೆ ಕೂತೆ. ಯಾರ ಮೊರದಲ್ಲಿ ಕಲ್ಲು ಹೆಚ್ಚಿದೆಯೋ ಅದಕ್ಕೆ ಕೈ ಹಾಕಿದೆ. ಉಪ್ಪಿದ್ದೂ ಉಪ್ಪು ಕೇಳಿದೆ. ನಥಿಂಗಮ್ಮ ಅಂತ ಕರೆದರೆ ಓ ಅಂದೆ. ಬಾಣಂತಿಯ ಕೋಣೆಗೆ, ಮದುವೆಯ ಮನೆಯ ಅಡುಗೆಸಾಲಿಗೆ ನನ್ನನ್ನು ಕರೆಯತೊಡಗಿದರು. "ವಕೀಲರ ಮಗಳು ಭಾಳ ಛಲೋ ಮನಸಿನಾಕಿ" ಅಂತ ಹೆಸರಾಯಿತು. ಜನ ನನ್ನ ಹತ್ತಿರ ಕೂತು ದಾರ ಮುಗಿಯುವುದರೊಳಗೆ ಎಲ್ಲ ಹೇಳುತ್ತಿದ್ದರು. ನಾನು ಹೇಳಬೇಕಾದದ್ದನ್ನು ಯಾರೂ ಕೇಳುತ್ತಿರಲಿಲ್ಲ. ಕೇಳುವವರ ಹತ್ತಿರ ಹೇಳುವುದಕ್ಕೆ ಏನಿರುತ್ತದೆ ಅಂದುಕೊಂಡಿರಬೇಕು. ಲೈಕಬಲ್ ಅನ್ನುತ್ತಾರಲ್ಲ ಇಂಗ್ಲಿಷಿನಲ್ಲಿ, ಅದಾದೆ. ಮನೆಗೆ ಬಂದು ಕೈಕಾಲು ತೊಳೆದುಕೊಂಡು ಕೂತರೆ ಹಿತ್ತಲ ಕಡೆಗೆ ಕಿವಿ ಹೋಗುತ್ತಿತ್ತು.

ಹೈದರಾಬಾದ್ ಸ್ಟೇಟ್ ಇನ್ನೂ ಇದ್ದಾಗಲೇ, ಮನೆಯಲ್ಲೇ ಓದಿ ಮೆಟ್ರಿಕ್ ಮುಗಿಸಿದ ನಾನು ಕಾಲೇಜಿನ ಅಡ್ಮಿಶನ್ನಿಗೆ ಅಪ್ಪನ ಜೊತೆ ಅಲ್ಲಿಗೆ ಹೋದೆ. ಅಪ್ಪ ಯಾವುದೋ ಆಫೀಸಿನಲ್ಲಿ ಕಾಯುತ್ತಿದ್ದಾಗ ಹತ್ತಿರದ ಬಳೆ ಗಲ್ಲಿಗೆ ಇಳಿದೆ. ಎಲ್ಲ ಕಡೆಯಿಂದಲೂ ಕಿಂಡಿಯ ಗೆಳತಿಯ ಮಾತೇ ಕೇಳುತ್ತಿತ್ತು, ಅದೇ ಹೌ, ಅದೇ ನಕ್ಕೋ. ಬಳೆ ಅಂಗಡಿಯ ಮುದುಕಿಯೊಬ್ಬಳು ನನ್ನ ಮುಖ ನೋಡಿ, ಯಾರ ಮನೆ ಹುಡುಕುತ್ತಿದ್ದೀ ಬೇಟೀ, ಅಂದಳು. ಗೆಳತಿಯ ಹೆಸರು ಹೇಳಿದೆ.

"ಆ ಹೆಸರಿನವರು ಮನೆಗೊಬ್ಬರು. ಯಾವ ಮೊಹಲ್ಲಾ?"

ಗೊತ್ತಿಲ್ಲ, ಇಲ್ಲಿ ಅವರ ಚಾಚಾ ಇದ್ದಾರಂತೆ ಅಂದೆ.

"ಚಾಚಾನ ಹೆಸರೇನು? ಏನು ಕೆಲಸ?"

ಅದೂ ಗೊತ್ತಿರಲಿಲ್ಲ. ಅಬ್ಬಾನ ಹೆಸರು? ನಾನು ಒಂದು ದಿನವೂ ಕೇಳಿರಲಿಲ್ಲ. ಕಾನ್ವೆಂಟಿನಿಂದ ಬಂದ ಹೊಸತರ ಹುಡುಗಿಯಾಗಿದ್ದರೆ, ಆ ಕಿಂಡಿಯಲ್ಲಿ ನಿಂತು, ಸುಣ್ಣ ಕೆರೆಯುವ ಬೆರಳನ್ನು ನೋಡದೆ, ಎಲ್ಲಿಗೆ ಹೋಗುತ್ತೀ ಅಂತ ಮುಖಕ್ಕೆ ಮುಖ ಕೊಟ್ಟು ಕೇಳಿಬಿಡುತ್ತಿದ್ದೆ. ಆಕೆಗೆ ನೋವಾಗುತ್ತಿತ್ತು, ಆದರೆ ಹೇಳುತ್ತಿದ್ದಳು.

ಮುದುಕಿ ನನ್ನ ಕೈ ಹಿಡಿದು ಅಳತೆ ನೋಡುತ್ತ, "ಬೈಠೋ, ಹಸಿರು ತೊಡಿಸಲೇನು?" ಅಂದಳು. ಕೂತೆ. ಆಕೆ ಬಳೆ ಏರಿಸುತ್ತ ತನ್ನ ಸೊಸೆಯ ಸುದ್ದಿ ಶುರು ಮಾಡಿದಳು, "ಹೋಗ್ಲಿ ಬಿಡು" ಅನ್ನುವ ಅರ್ಥದ ಏನೋ ಹೇಳಿ ನಿಲ್ಲಿಸಿದಳು. ನಾನು ಎದ್ದು ಹೋಗಲಿಲ್ಲ. ಕೇಳುತ್ತ ಕೂತೆ.